ಹಲಗೆಯ ಮೇಲಿನ ಮಾತು

ಮೈಗೆ ಎಣ್ಣೆ ಬಿದ್ದರೆ ಮನುಷ್ಯ ಮಾತಾಡುತ್ತಾನೆ. ಹಾಗಾಗಿ ಎಣ್ಣೆ ತಿಕ್ಕುವವನ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ನನಗೆ ಮಾತು ಕಡಿಮೆ. ಮದರಾಸಿನಲ್ಲಿ ಈ ಕೆಲಸ ಕಲಿಸಿದ ಸೋದರಮಾವ ನನ್ನನ್ನು ಆರಿಸಿದ್ದೂ ಅದಕ್ಕೇ. ಗಿರಾಕಿಗಳನ್ನು ಮಲಗಿಸುವ ಹಲಗೆ ತೋರಿಸಿ ಅವನು ಹೇಳಿದ್ದು ಇಷ್ಟು: "ಕೈ ಇಡುವ ಮುಂಚೆ ಒಪ್ಪಿಗೆ ತಗೋ. ಹಲಗೆಯ ಮೇಲಿನ ಮಾತು ಹಲಗೆಯ ಮೇಲೆಯೇ ಇರಲಿ."

ಇಲ್ಲಿರುವುದು, ಬರೆಯಿರಿ ಎಂದು ಒಪ್ಪಿದವರ ಸಂಗತಿ ಮಾತ್ರ.

ಹಸಿರು ಬಾವುಟ

ಒಬ್ಬರು ರೈಲ್ವೆ ಗಾರ್ಡು. ಮೈಸೂರಿನ ಕಡೆಯವರು. ಭುಜ ಮುಗಿಸಿ, "ಇನ್ನು ಬೆನ್ನು ತಿಕ್ಕಲೇ?" ಎಂದೆ. ಅವರಿಗೆ ಆಗಲೇ ನಿದ್ದೆ. ಕೈಯಲ್ಲಿ ಎಣ್ಣೆ ಹಿಡಿದು ನಿಂತೆ. ಎಚ್ಚರವಾದಾಗ ಕೇಳಿದರು, "ಯಾಕ್ರೀ ನಿಂತುಬಿಟ್ರಿ?"

"ನೀವು ಹೂಂ ಅನ್ನಲಿಲ್ಲ."

ಮುಂದಿನ ಸಲ ಹಸಿರು ಬಾವುಟ ತಂದರು. ಅದನ್ನು ಬೆನ್ನ ಮೇಲೆ ಹಾಸಿಕೊಂಡು ಗೊರಕೆ ಹೊಡೆದರು.

ಸೊಂಟ ನೋವು

ಹೆಂಗಸರಿಗೆ ಒಳಕೋಣೆಯಲ್ಲಿ ನನ್ನ ಹೆಂಡತಿಯೇ ಎಣ್ಣೆ ಹಚ್ಚುತ್ತಿದ್ದಳು. ನಾನು ಆ ಬಾಗಿಲು ದಾಟುತ್ತಿರಲಿಲ್ಲ. ನಿಯಮ ಅವಳಿಗೂ ಅದೇ.

ಮೈಲಾಪುರದಲ್ಲಿ ಹೋಟೆಲು ಇಟ್ಟಿದ್ದ ನಮ್ಮ ಊರ ಕಡೆಯ ಧಣಿಗಳು ತಮ್ಮ ಹೆಂಡತಿ ಬಂದುಹೋದ ಮೇಲೆ ಒಂದು ದಿನ ನನ್ನ ಹೆಂಡತಿಯನ್ನು ತಡೆದು ಕೇಳಿದರು. "ನಮ್ಮವಳು ಎಂತ ಹೇಳಿದಳು?"

"ಸೊಂಟ ನೋವು ಅಂದರು."

"ಅದಲ್ಲ ಮಾರಾಯ್ತಿ, ನನ್ನ ವಿಷಯ ಎಂತ ಹೇಳಿದಳು?"

"ಸೊಂಟ ನೋವು ಅಂದರು."

ಧಣಿಗಳು ಯೋಚಿಸಿದರು. "ಹಾಗಾದರೆ ಅದು ನನ್ನ ವಿಷಯವೇ!"

ಕಂಬ

ಈ ಧಣಿಗಳಿಗೆ ಒಬ್ಬ ತಮ್ಮ. ಅಣ್ಣ ಎತ್ತಿ ಆಡಿಸಿ ಬೆಳೆಸಿದವನು. ಅಣ್ಣನ ಅಡಿಗೆಮನೆಗೆ ಈರುಳ್ಳಿ ಬರುವಂತಿರಲಿಲ್ಲ. ಗಿರಾಕಿಗಳು ಕೇಳುತ್ತಾರೆಂದು ತಮ್ಮ ಒಂದು ದಿನ ಸಾಂಬಾರಿಗೆ ಹಾಕಿದ. ಅಣ್ಣ ಹಂಡೆಯನ್ನೇ ಚರಂಡಿಗೆ ಬಗ್ಗಿಸಿದರು. ತಮ್ಮ ತಾಂಬರಂನಲ್ಲಿ ಬೇರೆ ಹೋಟೆಲು ಸೇರಿದ. ಮಾತು ನಿಂತಿತು.

ನನ್ನಲ್ಲಿಗೆ ಇಬ್ಬರೂ ಬರುತ್ತಿದ್ದರು. ಶನಿವಾರ ಅಣ್ಣ.

"ಅವನು ಇಲ್ಲಿಗೆ ಬರ್ತಾನಂತೆ, ಹೌದಾ?"

"ಕಾಲು ಚಾಚಿ."

"ಸೊರಗಿ ಸಪೂರ ಆಗಿದ್ದಾನಾ?"

"ಇನ್ನೊಂದು ಕಾಲು."

"ನೀನು ಮನುಷ್ಯನಾ, ಕಂಬವಾ?"

ಬುಧವಾರ ತಮ್ಮ.

"ಅಣ್ಣನ ಮಂಡಿ ಹೇಗಿದೆ?"

"ಮಗ್ಗುಲಾಗಿ."

"ಹೇಳಿದರೆ ನಿಮ್ಮ ಗಂಟೇನು ಹೋಗ್ತದೆ?"

"ಮಗ್ಗುಲಾಗಿ."

ಅಣ್ಣನೂ ನಿಮ್ಮನ್ನೇ ಕೇಳುತ್ತಾರೆ ಎಂದು ಆಡಿದರೆ ಒಂದೇ ಮಾತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ನನ್ನ ಮಾತಲ್ಲ. ನುಂಗಿಕೊಂಡೆ.

ತಮ್ಮ ಮಗ್ಗುಲಾಗುತ್ತಾ ಗೊಣಗಿದ, "ಕಂಬ."

ಆ ವರ್ಷ ಅಣ್ಣತಮ್ಮಂದಿರು ಒಪ್ಪಿದ್ದು ಅದೊಂದನ್ನೇ.

ದೀಪಾವಳಿ

ದೀಪಾವಳಿ ಬೆಳಿಗ್ಗೆ ನನ್ನಲ್ಲಿ ನೂಕುನುಗ್ಗಲು. ಎರಡು ಹಲಗೆ ಹಾಕಿ ನಡುವೆ ಪರದೆ ಕಟ್ಟಿದ್ದೆ. ತಮ್ಮ ಎಲೆಕ್ಟ್ರಿಕ್ ರೈಲಿನಲ್ಲಿ ಬಂದು ಒಂದರ ಮೇಲೆ ಕೂತ. ಅವನ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದೆ. ಅಷ್ಟರಲ್ಲಿ ಅಣ್ಣ ಕುಂಟುತ್ತಾ ಬಂದು ಇನ್ನೊಂದರ ಮೇಲೆ ಬೋರಲು ಮಲಗಿದರು.

"ಪರದೆಯ ಆಚೆ ಜನ ಇದ್ದಾರೆ, ಮಾತು ಬೇಡ" ಎಂದೆ.

"ಇದ್ದರೆ ಇರಲಿ ಮಾರಾಯ. ನನಗೇನು ಹೆದರಿಕೆಯಾ?" ಎಂದವರು ಹಲಗೆಗೆ ಕೆನ್ನೆ ಆನಿಸಿದರು. ಆಮೇಲೆ ದನಿ ತಗ್ಗಿತು. "ಪ್ರತಿ ದೀಪಾವಳಿಗೂ ಅವನ ತಲೆಗೆ ಎಣ್ಣೆ ಹಚ್ಚುತ್ತಿದ್ದವನು ನಾನು. ಈ ಸಲ ಯಾರು ಹಚ್ಚುತ್ತಾರೋ."

ಪರದೆಯ ಈ ಕಡೆಯಿಂದ ತಮ್ಮ ಹೇಳಿದ, "ಈ ಕಂಬವೇ ಹಚ್ಚುತ್ತಾ ಉಂಟು ಅಣ್ಣ. ನಿನ್ನಷ್ಟು ಚೆಂದ ಇಲ್ಲ."

ಧಣಿಗಳು ಎದ್ದ ರಭಸಕ್ಕೆ ಪರದೆ ಕಿತ್ತು ಬಂತು. ಮಂಡಿ ನೋವು ಎಲ್ಲಿ ಹೋಯಿತೋ. ಕೌಪೀನದಲ್ಲೇ ಬಂದು ನನ್ನ ಕೈ ಸರಿಸಿದರು. "ನೀನು ಆಚೆ ನಿಲ್ಲು. ಹೀಗಾ ಹಚ್ಚುವುದು?" ತಮ್ಮನ ತಲೆ ತಟ್ಟತೊಡಗಿದರು. ಇಬ್ಬರ ಕಣ್ಣಲ್ಲೂ ನೀರು.

"ಕಣ್ಣಿಗೆ ಎಣ್ಣೆ ಹೋಯಿತು" ಎಂದರು ಅಣ್ಣ.

"ಈರುಳ್ಳಿ ಅಲ್ಲವಲ್ಲ, ಪುಣ್ಯ" ಎಂದ ತಮ್ಮ.

ಅಣ್ಣ ಅವನ ತಲೆಗೆ ಒಂದು ಮೊಟಕಿದರು. ಆಮೇಲೆ ಬಗ್ಗಿ ಕಿವಿಯಲ್ಲಿ ಏನೋ ಹೇಳಿದರು.

ತಮ್ಮ ಮೈಲಾಪುರಕ್ಕೆ ವಾಪಸು ಬಂದ. ಆ ಹೋಟೆಲಿನ ಸಾಂಬಾರಿಗೆ ಈರುಳ್ಳಿ ಬಿತ್ತೇ ಎಂದು ಜನ ನನ್ನನ್ನು ಈಗಲೂ ಕೇಳುತ್ತಾರೆ. ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತ್ತು.

ಆದರೆ ಅದು ಹಲಗೆಯ ಮೇಲಿನ ಮಾತು.