ಸಲಾಮು ತೆಗೆದುಕೊಳ್ಳದ ಗೊಂಬೆ

ಅಫಜಲಪುರದ ವಿಜ್ಞಾನ ಮೇಷ್ಟರು ಉಸ್ಮಾನಸಾಬರಿಗೆ ಆ ವಾರ ಬಾಯಿಗಿಟ್ಟ ತುತ್ತು ರುಚಿಸುತ್ತಿರಲಿಲ್ಲ. ಅವರು ಸಲಾಮು ಮಾಡಿದ್ದರು, ಜವಾಬು ಬಂದಿರಲಿಲ್ಲ. ಒಂದು ದಿನವಲ್ಲ, ದಿನಾ ಹೀಗೆಯೇ. ಸಲಾಮು ತೆಗೆದುಕೊಳ್ಳದವನು ದಾರಿಹೋಕನೂ ಅಲ್ಲ. ಹೆಂಡತಿ ಶಮಶಾದಳ ಒಡಹುಟ್ಟಿದ ತಂಗಿ ಜೀನತಳ ಗಂಡ, ಜೇವರ್ಗಿಯಲ್ಲಿ ಮೇಷ್ಟರಾಗಿರುವ ಜಮೀರ.

ಇದು ಬಜಾರಿನಲ್ಲಿ ನಡೆದಿದ್ದರೆ ಬಿಸಿಲಿಗೆ ಕಣ್ಣು ಕತ್ತಲೆ ಬಂದಿರಬೇಕು ಅಂದುಕೊಳ್ಳಬಹುದಿತ್ತು. ಮದುವೆಯ ಪೆಂಡಾಲಿನಲ್ಲಾಗಿದ್ದರೆ ಬ್ಯಾಂಡಿನವರ ತಲೆಗೆ ಕಟ್ಟಬಹುದಿತ್ತು. ಆದರೆ ನಡೆದದ್ದು ಬಿಸಿಲೂ ಇಲ್ಲದ, ಬ್ಯಾಂಡೂ ಇಲ್ಲದ ಒಂದು ಲೋಕದಲ್ಲಿ. ಮೇಷ್ಟರುಗಳಿಗೆ ಹೊಸ ತರಬೇತಿ ಬಂದಿತ್ತು. ಎಲ್ಲಿಗೂ ಹೋಗಬೇಕಿಲ್ಲ, ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತರೆ ಸಾಕು. ತೆರೆಯೊಳಗೆ ಒಂದು ಶಾಲೆ, ಶಾಲೆಗೊಂದು ಅಂಗಳ, ಅಂಗಳಕ್ಕೊಂದು ಬೇವಿನ ಮರ. ಅಲ್ಲಿ ಪ್ರತಿ ಮೇಷ್ಟರಿಗೂ ಒಂದು ಗೊಂಬೆ. ಒಂದು ಗುಂಡಿ ಒತ್ತಿದರೆ ನಡೆಯುತ್ತದೆ, ಇನ್ನೊಂದು ಒತ್ತಿದರೆ ಕೈ ಎತ್ತುತ್ತದೆ, ಹೊರಗೆ ಮೇಷ್ಟರು ಮಾತಾಡಿದರೆ ಒಳಗೆ ಅದು ಬಾಯಿ ಆಡಿಸುತ್ತದೆ. ಮುಂದೆ ಮಕ್ಕಳಿಗೂ ಹೀಗೆಯೇ ಪಾಠವಂತೆ. ಸಮುದ್ರದ ಪಾಠ ಸಮುದ್ರದ ತಳದಲ್ಲಿ, ಜ್ವಾಲಾಮುಖಿಯ ಪಾಠ ಅದರ ಬಾಯಂಚಿನಲ್ಲಿ. (ಮೈಗೆ ನೀರೂ ತಾಗುವುದಿಲ್ಲ, ಬೆಂಕಿಯೂ ತಾಗುವುದಿಲ್ಲ. ಪಾಠ ತಾಗುತ್ತದೆಯೋ ಇಲ್ಲವೋ, ಅದನ್ನು ಇನ್ನೂ ಯಾರೂ ಹೇಳಿರಲಿಲ್ಲ.)

ಉಸ್ಮಾನಸಾಬರ ಗೊಂಬೆಯನ್ನು ಸಿಂಗರಿಸಿ ಕೊಟ್ಟವಳು ಕಾಲೇಜಿಗೆ ಹೋಗುವ ಮಗಳು ಮುಸ್ಕಾನ. ಶಮಶಾದ ಒಲೆ ಬಿಟ್ಟು ಬಂದು ಅದನ್ನು ನೋಡಿದಳು.

"ಇವ್ರು ಯಾರಬೇ?"

"ಅಬ್ಬಾನೇ, ಅಮ್ಮಿ."

"ನಿಮ್ಮಬ್ಬಾಗ ಲಗ್ನದ ದಿನಾನೂ ಇಷ್ಟು ಕೂದಲ ಇರ್ಲಿಲ್ಲ. ಮತ್ತ ಹೊಟ್ಟಿ ಎಲ್ಲಿ ಇಟ್ಟು ಬಂದಾರ?"

ಕೂದಲು ಬಂದಿದ್ದರೂ ಹೊಟ್ಟೆ ಹೋಗಿದ್ದರೂ ಸ್ವಭಾವ ಮಾತ್ರ ಹಳೆಯದೇ ಇತ್ತು. ಉಸ್ಮಾನಸಾಬರು ನಾಲ್ಕು ಜನ ಇರುವ ಕಡೆ ಕಾಲಿಟ್ಟರೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲರನ್ನೂ ಮಾತಾಡಿಸದೆ ಕೂರುವವರಲ್ಲ. ತೆರೆಯೊಳಗೂ ಅದನ್ನೇ ಮಾಡಿದರು. ಕೈ ಎತ್ತುವ ಗುಂಡಿ ಒತ್ತುತ್ತ, ಹೆಸರು ಓದುತ್ತ, ಅಂಗಳವನ್ನೆಲ್ಲ ಸುತ್ತಿದರು. ಎಲ್ಲ ಗೊಂಬೆಗಳೂ ಕೈ ಎತ್ತಿದವು. ಬೇವಿನ ಮರದ ಕೆಳಗೆ ನೀಲಿ ಅಂಗಿ ತೊಟ್ಟು ನಿಂತ ಒಂದು ಗೊಂಬೆ ಮಾತ್ರ ಎತ್ತಲಿಲ್ಲ. ಅದರ ತಲೆಯ ಮೇಲೆ ಬರೆದಿತ್ತು: ಜಮೀರ, ಜೇವರ್ಗಿ.

"ಅಸ್ಸಲಾಮು ಅಲೈಕುಂ, ಜಮೀರ ಭಾಯಿ," ಎಂದರು. ಗೊಂಬೆ ಅವರನ್ನು ದಾಟಿ ಎಲ್ಲೋ ದೂರ ನೋಡುತ್ತಿತ್ತು. ಇನ್ನೂ ಹತ್ತಿರ ಹೋಗಿ ಮತ್ತೊಮ್ಮೆ ಹೇಳಿದರು. ಕಣ್ಣು ಮಿಟುಕಿಸಿತು, ಅಷ್ಟೇ. ಆ ಮಿಟುಕಿನಲ್ಲಿ ತಾತ್ಸಾರ ಇತ್ತು ಎಂದು ಉಸ್ಮಾನಸಾಬರಿಗೆ ಅನ್ನಿಸಿತು.

"ನೆಟ್ ಇರಂಗಿಲ್ಲ ಬಿಡ್ರಿ ಅಬ್ಬಾ," ಎಂದಳು ಮುಸ್ಕಾನ.

"ಬ್ಯಾರೇದವರ ಸಲಾಮೆಲ್ಲಾ ಬರಾಕತ್ತಾವ. ನೆಟ್ಟಿಗೆ ನನ್ನ ಮ್ಯಾಲೇ ಏನ್ ಸಿಟ್ಟು?"

ಆಗಲೇ ಅವರ ಮನಸ್ಸು ಗೊಂದಲದ ಗೂಡಾಯಿತು. ಗೊಂಬೆ ಗೊಂಬೆಗೆ ಮಾಡಿದ ಸಲಾಮು ಮನುಷ್ಯನಿಗೆ ಮುಟ್ಟುತ್ತದೆಯೇ? ಮುಟ್ಟಿದರೆ ಜವಾಬು ಕೊಡದಿದ್ದದ್ದು ಯಾರ ತಪ್ಪು, ಗೊಂಬೆಯದೋ ಜಮೀರನದೋ? ಮಸೀದಿಯ ಹಜರತರನ್ನು ಕೇಳೋಣವೆಂದು ಹೊರಟವರು, ಗೊಂಬೆ ಅಂದರೇನು ಎಂಬುದರಿಂದ ಶುರುಮಾಡಬೇಕಾದೀತೆಂದು ಅರ್ಧ ದಾರಿಯಿಂದ ತಿರುಗಿ ಬಂದರು.

ಅಷ್ಟರಲ್ಲಿ ಕೊನೆಯ ದಿನದ ಪರೀಕ್ಷೆಯ ಜೋಡಿಗಳು ಗೊತ್ತಾದವು. ಒಬ್ಬರು ಪಾಠ ಮಾಡಬೇಕು, ಇನ್ನೊಬ್ಬರು ವಿದ್ಯಾರ್ಥಿಯಾಗಿ ಪ್ರಶ್ನೆ ಕೇಳಬೇಕು. ಜೋಡಿಯಲ್ಲಿ ಒಬ್ಬರು ಬಾಯಿ ಬಿಡದಿದ್ದರೂ ಇಬ್ಬರೂ ಫೇಲು, ಬೇಸಿಗೆ ರಜೆಯೆಲ್ಲ ಮತ್ತೆ ಇದೇ ತರಬೇತಿ. ಉಸ್ಮಾನಸಾಬರಿಗೆ ಬಂದ ಪಾಠ ಹೃದಯ. ಮನೆಯಷ್ಟು ದೊಡ್ಡದಾದ, ಬಡಿಯುತ್ತಿರುವ ಒಂದು ಹೃದಯದ ಒಳಗೆ ನಿಂತು ಮಾಡಬೇಕಾದ ಪಾಠ. ಬಂದ ವಿದ್ಯಾರ್ಥಿ ಜಮೀರ.

"ಸಲಾಮಿಗೇ ಬಾಯಿ ಬಿಡದಾಂವ ಪ್ರಶ್ನಿ ಎಲ್ಲಿಂದ ಕೇಳ್ತಾನ?" ಎಂದು ತಲೆಗೆ ಕೈ ಹಚ್ಚಿದರು.

ಶಮಶಾದ ಅಕ್ಕಿ ಆರಿಸುತ್ತಲೇ ತನಿಖೆ ಮುಗಿಸಿ ತೀರ್ಪು ಕೊಟ್ಟಳು. "ಮಗ ಅರ್ಫಾತನ ಲಗ್ನದಾಗ ನೀವು ಜೇವರ್ಗಿಗೆ ಕಾರ್ಡ್ ಒಯ್ದು ಕೊಟ್ರೇನು? ಫೋನಿನ್ಯಾಗ ಹೇಳಿ ಕೈ ತೊಳ್ಕೊಂಡ್ರಿ. ಅದೇ ಮನಸಿನ್ಯಾಗ ಕುಂತದ."

"ಲಗ್ನಕ್ಕ ಬಂದು ವಾರಗಟ್ಟಲೆ ಇದ್ದು ಹೋದ್ರಲ್ಲ ಇಬ್ರೂ?"

"ಬಂದ್ರು. ಲಗ್ನ ಆದ ಮ್ಯಾಲ ಬಂದಾರೇನು?"

ಬಂದಿರಲಿಲ್ಲ. ಉಸ್ಮಾನಸಾಬರಿಗೆ ಈಗ ಎಲ್ಲವೂ ಸ್ಪಷ್ಟವಾಯಿತು. (ಅವರಿಗೆ ಯಾವುದಾದರೂ ಸ್ಪಷ್ಟವಾದಾಗಲೆಲ್ಲ ಮನೆಯವರು ಹೆದರುತ್ತಿದ್ದರು.)

"ಒಂದು ಫೋನ್ ಹಚ್ಚಿ ಮಾತಾಡ್ರಲಾ ಅಬ್ಬಾ," ಎಂದಳು ಮುಸ್ಕಾನ.

"ಫೋನಿನಿಂದಾನೇ ಕೆಟ್ಟದ್ದು. ಅದನ್ನ ಮತ್ತ ಫೋನಿನಿಂದ ಸರಿ ಮಾಡ್ಲ್ಯಾ? ಖುದ್ದ ಹೋಗ್ತೇನಿ."

ಆ ದಿನ ಅಮಾವಾಸ್ಯೆ. ಬಸ್ಸಿನ ತುಂಬ ಘತ್ತರಗಿಯ ದೇವಿಯ ಗುಡಿಗೆ ಹೊರಟ ಭಕ್ತರು. ಬಾಲುಶಾಹಿ ಮಿಠಾಯಿಯ ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಒಂಟಿ ಕಾಲಿನ ಮೇಲೆ, ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡುತ್ತ ಉಸ್ಮಾನಸಾಬರು ಜೇವರ್ಗಿ ಮುಟ್ಟಿದರು.

ಬಾಗಿಲಲ್ಲೇ ಜಮೀರ ಓಡಿ ಬಂದು ಸಲಾಮು ಹೇಳಿ ಅಪ್ಪಿಕೊಂಡ. ಜೀನತ ಅಕ್ಕನ ಗಂಡನನ್ನು ಕಂಡು "ಬರ್ರಿ ದುಲ್ಹಾಭಾಯಿ, ಆಪಾನ್ನ ಯಾಕ ಕರ್ಕೊಂಡು ಬರ್ಲಿಲ್ರಿ?" ಎಂದು ಕೋಳಿಯನ್ನೇ ಒಲೆಗೇರಿಸಿದಳು. ಇಷ್ಟು ನೋಡಿದ ಬೇರೆ ಯಾರಾದರೂ ಊಟ ಮಾಡಿ, ಬೀಡಾ ಹಾಕಿಕೊಂಡು, ಸುಮ್ಮನೆ ಬಸ್ಸು ಹತ್ತುತ್ತಿದ್ದರು. ಆದರೆ ಉಸ್ಮಾನಸಾಬರು ಭಾಷಣ ಬಾಯಿಪಾಠ ಮಾಡಿ ಬಂದಿದ್ದರು. ಕಲಿತದ್ದನ್ನು ಒಪ್ಪಿಸದೆ ಬಿಡುವುದು ಮೇಷ್ಟರ ಜಾತಿಯಲ್ಲೇ ಇಲ್ಲ.

"ಜಮೀರ ಭಾಯಿ, ನಂದು ತಪ್ಪಾಗ್ಯದ. ಅರ್ಫಾತನ ಲಗ್ನದ ಕಾರ್ಡ್ ನಿಮಗ ಖುದ್ದ ತಂದು ಕೊಡಬೇಕಾಗಿತ್ತು. ಫೋನಿನ್ಯಾಗ ಹೇಳಿದೆ. ದೊಡ್ಡ ಮನಸು ಮಾಡಿ ಮಾಫ್ ಮಾಡ್ರಿ."

ಜಮೀರ ಕಕ್ಕಾಬಿಕ್ಕಿಯಾದ. "ನಮಗ ಸಿಟ್ಟದ ಅಂತ ಯಾರ್ ಹೇಳಿದ್ರು ಭಾಯಿಸಾಬ?"

"ನೀವು ನನ್ನ ಸಲಾಮು ತಗೊಳ್ಳಲಿಲ್ಲ. ದಿನಾ ಬೇವಿನ ಗಿಡದ ಕೆಳಗ ನಿಂತು ಮಾರಿ ಆ ಕಡೆ ಮಾಡ್ತೀರಿ."

ಜಮೀರ ಹೊಟ್ಟೆ ಹಿಡಿದು ನಕ್ಕ. "ಅಯ್ಯ, ನಾ ಅಲ್ಲಿ ಇರೋದೇ ಇಲ್ರಿ! ಗೊಂಬಿ ಒಳಗ ಬಿಟ್ಟು ತೊಗರಿ ನೋಡಾಕ ಹೊಲಕ್ಕ ಹೋಗ್ತೇನಿ. ಅದು ನಿಂತಿದ್ರ ಹಾಜರಿ ಬೀಳ್ತದ. ಖಾಲಿ ಗೊಂಬಿಗಿ ಸಲಾಮು ಮಾಡಾಕತ್ತಿದ್ರೇನು ಇಷ್ಟು ದಿನಾ?"

ಉಸ್ಮಾನಸಾಬರೂ ನಕ್ಕರು. ಎದೆಯ ಮೇಲಿದ್ದ ಕಲ್ಲು ಸರಿದಂತಾಯಿತು. ಪರೀಕ್ಷೆಯ ದಿನ ಖುದ್ದಾಗಿ ಕೂರುತ್ತೇನೆಂದು ಜಮೀರ ಮಾತೂ ಕೊಟ್ಟ. ಇಬ್ಬರೂ ನಗುತ್ತಿರುವಾಗ ಒಲೆಯ ಕಡೆ ಸೌಟಿನ ಸದ್ದು ನಿಂತದ್ದು ಯಾರಿಗೂ ತಿಳಿಯಲಿಲ್ಲ.

"ದುಲ್ಹಾಭಾಯಿ," ಜೀನತ ಸೌಟು ಹಿಡಿದೇ ಬಾಗಿಲಿಗೆ ಬಂದಳು, "ಬಾಕಿ ಮಂದಿಗಿ ಖುದ್ದ ಹೋಗಿ ಕಾರ್ಡ್ ಕೊಟ್ಟಿದ್ರೇನು?"

"ಹೂಂ. ಆಳಂದಕ್ಕ ಹೋಗಿದ್ದೆ, ನಿಮ್ಮ ಅಣ್ಣನ ಮನಿಗಿ."

"ಮತ್ತ?"

"ನಿಂಬರ್ಗಾಕ್ಕ."

"ಮತ್ತ?"

ಸುಳ್ಳು ಹೇಳಿ ರೂಢಿ ಇಲ್ಲದ ಮನುಷ್ಯ. "ಹಿರೋಳ್ಳಿಗೆ," ಎಂದರು.

"ಹಿರೋಳ್ಳಿಗೆ! ಅದರಾಚೆ ಮಹಾರಾಷ್ಟ್ರ! ಅಲ್ಲಿತನಾ ನಿಮ್ಮ ಕಾಲು ನಡದ್ವು, ಜೇವರ್ಗಿಗಿ ಬರಾಕ ನೋವು ಬಂತೇನ್ರಿ? ಈಗಿನ ಕಾಲ್ದಾಗ ಎಲ್ಲಾರಿಗೂ ಫೋನಿನ್ಯಾಗೇ ಹೇಳ್ಯಾರ ಅಂತ ನಾ ತಿಳ್ಕೊಂಡಿದ್ದೆ. ನಮಗ ಒಬ್ಬರಿಗೇನು ಫೋನು?"

ಜಮೀರನ ನಗು ಸಣ್ಣಗಾಗುತ್ತ ಆಗುತ್ತ ಆರಿಹೋಯಿತು. "ಖರೇ ಅದ ನೋಡ್ರಿ ಭಾಯಿಸಾಬ," ಎಂದ ಮೆಲ್ಲಗೆ. ಊಟವೇನೋ ಬಡಿಸಿದರು. ಆದರೆ "ಇನ್ನೊಂದು ಸೌಟು ಹಾಕ್ಲ್ಯಾ" ಎಂದು ಯಾರೂ ಕೇಳಲಿಲ್ಲ. ಬಾಲುಶಾಹಿಯ ಡಬ್ಬಿ ಕಟ್ಟಿದ ದಾರ ಬಿಚ್ಚದೆ ಹಾಗೇ ಕೂತಿತ್ತು.

ಮನೆಗೆ ಬಂದು ಹೇಳಿದಾಗ ಶಮಶಾದ ಹಣೆ ಚಚ್ಚಿಕೊಂಡಳು. "ಇಲ್ಲದ ಸಿಟ್ಟಿಗಿ ಮಾಫಿ ಕೇಳಾಕ ಹೋಗಿ ಖರೇ ಸಿಟ್ಟು ಮಾಡಿ ಬಂದೀರಿ. ಆಳಂದ ಸಾಕಿತ್ತು, ಹಿರೋಳ್ಳಿ ಹೆಸರು ಯಾಕ ತೆಗೆದ್ರಿ?"

"ನೀನೇ ಅಲ್ಲೇನ ಅವ್ರಿಗೆ ಸಿಟ್ಟು ಬಂದದ ಅಂದಾಕಿ?"

"ನಾ ಅಂದೆ. ನೀವು ಯಾಕ ನಂಬಿದ್ರಿ?"



ಪರೀಕ್ಷೆಯ ದಿನ ಬಂತು. ನೀಲಿ ಅಂಗಿಯ ಗೊಂಬೆ ಅಂದು ಬೇವಿನ ಮರದ ಕೆಳಗೆ ನಿಲ್ಲಲಿಲ್ಲ. ಚುರುಕಾಗಿ ಅಂಗಳ ಸುತ್ತಿತು, ಎಲ್ಲರಿಗೂ ಕೈ ಎತ್ತಿತು. ಉಸ್ಮಾನಸಾಬರ ಗೊಂಬೆಯ ಮುಂದೆ ಬಂದು ನಿಂತಿತು. ಇವರು ಆಸೆಯಿಂದ ಗುಂಡಿ ಒತ್ತಿ ಸಲಾಮು ಹೇಳಿದರು. ಅದು ಇವರನ್ನು ಮೇಲಿಂದ ಕೆಳಗೆ ನೋಡಿ, ಬೆನ್ನು ತಿರುಗಿಸಿ ಹೋಯಿತು. ಖಾಲಿ ಗೊಂಬೆ ಸಲಾಮು ತೆಗೆದುಕೊಳ್ಳದಿದ್ದರೆ ಗೊಂದಲವಾದರೂ ಇರುತ್ತದೆ. ಈಗ ಒಳಗೆ ಮನುಷ್ಯ ಇದ್ದ.

ಎಲ್ಲರೂ ಹೃದಯದೊಳಗೆ ಹೋದರು. ಕೆಂಪು ಗೋಡೆಗಳು ಹಿಗ್ಗಿ ಕುಗ್ಗುತ್ತಿದ್ದವು. ತರಬೇತಿ ಕೊಡುವ ವಿಜಯಶ್ರೀ ಮೇಡಂ ಅವರ ಗೊಂಬೆ ಒಂದು ಕವಾಟದ ಪಕ್ಕ ನಿಂತಿತ್ತು. ಉಸ್ಮಾನಸಾಬರು ರಕ್ತ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಹೇಳಿ ಮುಗಿಸಿ, "ಪ್ರಶ್ನೆ ಇದ್ದರೆ ಕೇಳಬಹುದು," ಎಂದರು.

ನೀಲಿ ಗೊಂಬೆಯ ಕೈ ಏಳಲಿಲ್ಲ. ಹೃದಯ ಮಾತ್ರ ಬಡಿಯುತ್ತಿತ್ತು. ಬೇಸಿಗೆ ರಜೆ ಕಣ್ಣ ಮುಂದೆಯೇ ಕರಗುತ್ತಿತ್ತು. ಆಗ ಕಂಪ್ಯೂಟರಿನಿಂದ ಹೆಣ್ಣು ದನಿಯ ಪಿಸುಮಾತು ಕೇಳಿಸಿತು: "ಕೇಳ್ರಿ, ಈಗ ಕೇಳ್ರಿ." ನೀಲಿ ಗೊಂಬೆ ಕೈ ಎತ್ತಿತು.

"ಸರ, ಈ ರಕ್ತ ಎಲ್ಲಾ ಅಂಗಕ್ಕೂ ಖುದ್ದ ಹೋಗ್ತದೋ, ಇಲ್ಲಾ ಒಂದೊಂದಕ್ಕ ಫೋನ್ ಮಾಡಿ ಬಿಡ್ತದೋ?"

ಉಸ್ಮಾನಸಾಬರ ಪಕ್ಕದಲ್ಲೇ ಕೂತು ನೋಡುತ್ತಿದ್ದ ಶಮಶಾದ ಸೆರಗು ಬಾಯಿಗೆ ಒತ್ತಿಕೊಂಡಳು.

"ಖುದ್ದ ಹೋಗ್ತದ," ಎಂದರು ಉಸ್ಮಾನಸಾಬರು.

"ದೂರ ಇದ್ದದ್ದಕ್ಕೂ?"

"ದೂರದ್ದಕ್ಕೂ."

"ಕಾಲಿನ ಕಿರುಬೆರಳಿಗೂ?"

"ಅದಕ್ಕೂ. ಯಾರನ್ನೂ ಬಿಡಂಗಿಲ್ಲ."

"ಬಿಟ್ರ ಏನಾಗ್ತದ್ರಿ ಸರ?"

"ಆ ಅಂಗ... ತಣ್ಣಗಾಗ್ತದ. ಜೋಮು ಹಿಡೀತದ. ಮುಂದ ಎಷ್ಟು ತಿಕ್ಕಿದ್ರೂ ಲಗೂನ ಸರಿ ಆಗಂಗಿಲ್ಲ."

ವಿಜಯಶ್ರೀ ಮೇಡಂ ಚಪ್ಪಾಳೆ ತಟ್ಟಿದರು. ಎಲ್ಲ ಗೊಂಬೆಗಳೂ ತಟ್ಟಿದವು. "ಇಷ್ಟು ಜೀವಂತ ಪಾಠ ಈ ತರಬೇತಿಯೊಳಗ ಯಾರೂ ಮಾಡಿಲ್ಲ," ಎಂದರು ಮೇಡಂ. "ನೀವಿಬ್ರೂ ಪಾಸು. ಅಷ್ಟೇ ಅಲ್ಲ, ಬ್ಯಾಸಗಿ ರಜಾದಾಗ ಒಂದೊಂದೇ ತಾಲ್ಲೂಕಿನ ಮೇಷ್ಟರ್ನ ಕೂಡಿಸ್ತೇವಿ. ಎಲ್ಲಾರ ಮುಂದೂ ಇದೇ ಪಾಠ, ಇದೇ ಜೋಡಿ ಆಗಬೇಕು. ಮೊದಲ ಆಳಂದ. ಪ್ರಶ್ನಿ ಮಾತ್ರ ಒಂದು ಅಕ್ಷರ ಬದಲಾಗಬಾರದು ನೋಡ್ರಿ."

ನೀಲಿ ಗೊಂಬೆಯ ಬಾಯಿ ಆಡಿತು. ಹೊರಗೆ ಬಂದದ್ದು ಜೀನತಳ ದನಿ.

"ಬದಲಾಗಂಗಿಲ್ರಿ ಮೇಡಂ."