ಹತ್ತು ಟ್ಯಾಬ್, ಒಬ್ಬ ಸಾಹೇಬರು ಮತ್ತು ನನ್ನ ಬಿ.ಪಿ.

ಇಂಗ್ಲಿಷ್ ಪಾಠಕ್ಕೂ ಇಂಟರ್ನೆಟ್ಟಿಗೂ ಗಂಟು ಬಿದ್ದ ಮೇಲೆ ನನಗೆ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ಶಿಡ್ಲಘಟ್ಟದ ನಮ್ಮ ಶಾಲೆಗೆ ಹತ್ತು ಟ್ಯಾಬ್ ಬಂದವು, ಎರವಲಾಗಿ. ಮೂರು ತಿಂಗಳಾದ ಮೇಲೆ ಇಲಾಖೆಯ ಸಾಹೇಬರು ಬಂದು ಪರೀಕ್ಷಿಸುತ್ತಾರೆ, ಬಳಸಲು ಬರದಿದ್ದರೆ ಅವು ಚಿಂತಾಮಣಿಯ ಶಾಲೆಗೆ. ನಮ್ಮ ಹೆಡ್‌ಮಾಸ್ಟರು, ಅಂದರೆ ಎಚ್ಚೆಂ, ಇದನ್ನು ಹೇಳಿ ನನ್ನ ಮುಖವನ್ನೇ ನೋಡಿದರು.

ತರಬೇತಿ

ಚಿಕ್ಕಬಳ್ಳಾಪುರದಲ್ಲಿ ಒಂದು ದಿನದ ತರಬೇತಿ. ಆನ್‌ಲೈನ್ ನಿಘಂಟು, ಓದಿ ಹೇಳುವ ಆ್ಯಪ್, ಕ್ವಿಜ್ ಎಲ್ಲ ತೋರಿಸುತ್ತೇವೆ ಅಂದಿದ್ದರು. ಹತ್ತು ಗಂಟೆಗೇ ನೆಟ್ ಹೋಯಿತು. ತರಬೇತಿ ಕೊಡುವವರು ಧೃತಿಗೆಡದೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಪರದೆ ಬರೆದು, ನಮ್ಮನ್ನು ಒಬ್ಬೊಬ್ಬರಾಗಿ ಕರೆದು ಬೆರಳಲ್ಲಿ ಕ್ಲಿಕ್ ಮಾಡಿಸಿದರು. ಸಂಜೆ ಕೈತುಂಬ ಸುಣ್ಣ, ಎದೆತುಂಬ ಭಯ ಹೊತ್ತು ಬಸ್ ಹತ್ತಿದೆ. ಮೂರು ತಿಂಗಳಲ್ಲಿ ನಾನು ಕಂಡ ಪರದೆಗಳಲ್ಲಿ ಒಮ್ಮೆಯೂ ಹ್ಯಾಂಗ್ ಆಗದಿದ್ದದ್ದು ಅದೊಂದೇ.

ಉಚ್ಚಾರಣೆ

ಗಟ್ಟಿಯಾಗಿ ಓದಿದರೆ ಅಂಕ ಕೊಡುವ ಆ್ಯಪ್ ಒಂದಿದೆ. ಪಕ್ಕದ ರೇಷ್ಮೆ ನೂಲು ತೆಗೆಯುವ ಘಟಕದ ಸದ್ದಿಗೆ ಅದು, ಶಾಂತ ಜಾಗಕ್ಕೆ ಹೋಗಿ ಅಂತ ಬುದ್ಧಿ ಹೇಳುತ್ತಲೇ ಇತ್ತು. ಐದು ನಿಮಿಷ ಯಂತ್ರ ನಿಲ್ಲಿಸಿ ಅಂತ ಮಾಲೀಕರಾದ ಸಾಬರನ್ನು ಬೇಡಿಕೊಂಡೆ. ಏನು ನಡೀತಿದೆ ಅಂತ ನೋಡಲು ಅವರೇ ಬಂದರು. ನಾನು ಓದಿದೆ: ಇನ್ನೂ ಅಭ್ಯಾಸ ಬೇಕು ಅಂತ ಬಂತು. ಹೊರರಾಜ್ಯದವರ ಜೊತೆ ಫೋನಿನಲ್ಲೇ ಇಂಗ್ಲಿಷಲ್ಲಿ ವ್ಯಾಪಾರ ಮಾಡುವ ಸಾಬರು ಓದಿದರು: ಅತ್ಯುತ್ತಮ. ಮಕ್ಕಳು ಚಪ್ಪಾಳೆ ತಟ್ಟಿದರು, ನನಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಹೋಗುವಾಗ ಸಾಬರು ಮೆಲ್ಲಗೆ, "ಟೆನ್ಶನ್ ಮಾಡ್ಕೋಬೇಡಿ ಮೇಡಂ, ನಮ್ಮ ಮಿಷನ್ ಸದ್ದಿತ್ತು ಅಂತ ಹೇಳಿ," ಅಂದರು.

ಪರೀಕ್ಷೆ

ಸಾಹೇಬರು ಬಂದೇಬಿಟ್ಟರು. ಗುಂಪಿಗೊಂದು ಟ್ಯಾಬ್ ಕೊಟ್ಟು ಕ್ವಿಜ್ ಶುರುಮಾಡಿದೆ. ಪ್ರಶ್ನೆಗೆ ಮೂವತ್ತು ಸೆಕೆಂಡ್. ಎಷ್ಟು ಗುಂಪು ಉತ್ತರ ಕೊಟ್ಟವು ಅನ್ನುವುದು ಟಿವಿ ಪರದೆಯ ಮೇಲೆ ಕಾಣುತ್ತದೆ. ಹತ್ತು ಸೆಕೆಂಡ್ ಕಳೆಯಿತು: ಸೊನ್ನೆ. ಇಪ್ಪತ್ತು: ಸೊನ್ನೆ. ಮಕ್ಕಳು ಬೆರಳೆತ್ತಿಕೊಂಡು ಗಡಿಯಾರವನ್ನೇ ನೋಡುತ್ತಿದ್ದಾರೆ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಎಚ್ಚೆಂ ಕಣ್ಣು ಮುಚ್ಚಿದರು. ನನ್ನ ಟ್ಯಾಬ್‌ಗಳು ಚಿಂತಾಮಣಿ ಬಸ್ ಹತ್ತಿದ್ದು ನನಗೆ ಕಂಡೇಬಿಟ್ಟಿತು. ಇನ್ನು ಎರಡೇ ಸೆಕೆಂಡ್ ಅನ್ನುವಾಗ ಟಪಟಪ ಅಂತ ಹತ್ತೂ ಗುಂಪು ಒಟ್ಟಿಗೆ ಒತ್ತಿದವು. ಎಲ್ಲವೂ ಸರಿ!

ಸಾಹೇಬರಿಗೆ ಹುರುಪು ಬಂತು. ಮುಂದಿನ ಪ್ರಶ್ನೆಗೆ ತಾವೇ ಒಂದು ಟ್ಯಾಬ್ ಹಿಡಿದು ತಕ್ಷಣ ಒತ್ತಿದರು. ಪಕ್ಕದ ಹುಡುಗಿಗೆ ತಡೆಯಲಾಗಲಿಲ್ಲ.

"ಅಷ್ಟು ಬೇಗ ಒತ್ತಬಾರ್ದು ಸಾರ್. ಬೇರೆಯೋರು ನೋಡ್ಕೊಂಡು ಜಾಸ್ತಿ ಕೂಗ್ತಾರೆ."

ಯಾರಮ್ಮ ಹೇಳಿಕೊಟ್ಟಿದ್ದು ಅಂದರು.

"ನಮ್ಮಪ್ಪ. ಮೊಬೈಲಲ್ಲಿ ಗೂಡು ಹರಾಜು ಹಿಂಗೇ ಹಿಡಿಯೋದು ಸಾರ್."

ಅವರಪ್ಪ ರೇಷ್ಮೆಗೂಡು ಕೊಂಡು ನೂಲು ತೆಗೆಯುವವರು. ಆ ತರಗತಿಯ ಮುಕ್ಕಾಲು ಪಾಲು ಅಪ್ಪಂದಿರದೂ ಅದೇ ಕಸುಬು.

ಸಾಹೇಬರು ನಗಲಿಲ್ಲ. ಕಾಫಿ ಕುಡಿದರು, ರಿಜಿಸ್ಟರ್ ನೋಡಿದರು, ಟ್ಯಾಬ್ ಮಾತೇ ಎತ್ತಲಿಲ್ಲ. ನಾನೂ ಎಚ್ಚೆಂ ಅವರೂ ಜೀಪಿನವರೆಗೂ ಹೋದೆವು. ಗಾಡಿ ಹೊರಟೇಬಿಟ್ಟಿತು. ಗೇಟಿನ ಹತ್ತಿರ ನಿಂತಿತು, ಗಾಜು ಇಳಿಯಿತು.

"ಟ್ಯಾಬ್ ನಿಮಗೇ ಕಣಮ್ಮ. ಮೊದಲೇ ಹೇಳಿದ್ರೆ ಚಿಂತಾಮಣಿಯೋರು ಜಾಸ್ತಿ ಕೂಗ್ತಿದ್ರು."