ರೈಫಲ್ಲಿಗೊಂದು ದುರ್ಬೀನು

ಮರುಳಸಿದ್ದಪ್ಪ ಈಗಿಲ್ಲ. ಇದ್ದಿದ್ದರೆ ಈ ಕಥೆಯನ್ನು ಮೂರನೇ ವಾಕ್ಯಕ್ಕೇ ತಡೆದು, "ಹಂಗಲ್ಲ ಕಣೋ, ನಾನು ಹೇಳ್ತೀನಿ ತಡಿ" ಎಂದು ನಾಲ್ಕು ಸುಳ್ಳು ಸೇರಿಸುತ್ತಿದ್ದ. ತಡೆಯುವವರಿಲ್ಲದ್ದರಿಂದ ನಿಜವನ್ನೇ ಹೇಳಬೇಕಾಗಿದೆ.

ಚಿತ್ರದುರ್ಗದ ರೈಫಲ್ ಕ್ಲಬ್ಬಿನಲ್ಲಿ ಅವನು ಹನ್ನೆರಡು ವರ್ಷ ಬೇರೆಯವರ ಅಂಕ ಬರೆದವನು. ಅಲ್ಲಿ ಗೋಡೆಗೊಂದು ಕರಿಹಲಗೆ. ಗೆದ್ದವರ ಹೆಸರು ಬಿಳಿ ಬಣ್ಣದಲ್ಲಿ ಅದರ ಮೇಲೇರುತ್ತಿತ್ತು. ತನ್ನ ಹೆಸರೂ ಏರಬೇಕು ಎಂಬುದೊಂದೇ ಅವನ ಆಸೆ. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಲೈಸೆನ್ಸು ಸಿಕ್ಕಿತು, ಹೊಸ ರೈಫಲ್ಲೂ ಬಂತು. ಅದೇ ವರ್ಷ ಕ್ಲಬ್ಬಿನವರು ದುರ್ಬೀನು ಕಟ್ಟಿದ ರೈಫಲ್ಲುಗಳಿಗೆಂದೇ ಹೊಸ ಪಂದ್ಯವನ್ನು ಸಾರಿದರು.

ದುರ್ಬೀನು ಎಲ್ಲಿಂದ ತರುವುದು? ಕನ್ನಡಕದಂಗಡಿಯಿಂದ ಫೋಟೋ ಸ್ಟುಡಿಯೋವರೆಗೆ ಅಲೆದ. (ಸ್ಟುಡಿಯೋದವನು, "ದುರ್ಬೀನು ಇಲ್ಲ. ಬಂದೂಕ ಹಿಡ್ಕಂಡು ನಿಂತ್ಕಳ್ರಿ, ಫೋಟೋ ತೆಗೀತೀನಿ" ಎಂದ. ತೆಗೆಸಿಕೊಂಡೇ ಬಂದ.) ಕೊನೆಗೆ ಚಿಕ್ಕಜಾಜೂರಿನ ಗುಜರಿಯಲ್ಲಿ ಹಳೇ ಸರ್ವೆ ಯಂತ್ರದ ಹಿತ್ತಾಳೆ ದುರ್ಬೀನು ದರ್ಶನ ಕೊಟ್ಟಿತು. ಒಳಗೆ ಅಡ್ಡ-ಉದ್ದ ಎರಡು ಗೆರೆ ಬೇರೆ!

ಅದನ್ನು ರೈಫಲ್ಲಿನ ಮೇಲೆ ಪ್ರತಿಷ್ಠಾಪಿಸಿದವನು ಸೈಕಲ್ ಶಾಪಿನ ಕಾಟಪ್ಪ. "ಡೈನಮೋ ಕ್ಲಾಂಪು ಎರಡು, ನಡುವೆ ಹಳೇ ಟ್ಯೂಬಿನ ತುಂಡು. ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ ತಗಳ್ರಿ!"

ಪಂದ್ಯದ ಹಿಂದಿನ ದಿನ ಅಭ್ಯಾಸ. ಮಜ್ಜಿಗೆ ತಂಬಿಗೆ ಹಿಡಿದು ಹೆಂಡತಿ ಶಿವಗಂಗಮ್ಮನೂ ಮೈದಾನಕ್ಕೆ ಬಂದಳು. ಮರುಳಸಿದ್ದಪ್ಪ ಕಣ್ಣಿಟ್ಟು ನೋಡಿದರೆ, ದುರ್ಗದ ಕೋಟೆ ಆಕಾಶದಿಂದ ಬಾವಲಿಯಂತೆ ಜೋತುಬಿದ್ದಿತ್ತು.

"ಏನ್ರೀ, ಮುಖ ಹಿಂಗಾತು?"

"ಎಲ್ಲಾ ತಲೆಕೆಳಗೆ ಕಾಣ್ತೈತೆ ಕಣೇ. ಸರ್ವೆ ದುರ್ಬೀನು ಅಂದ್ರೆ ಹಂಗೇ. ಆದ್ರೂ ಗುರಿ ದುಂಡಗೈತಲ್ಲ, ದುಂಡಗಿರೋದಕ್ಕೆ ತಲೆ ಯಾವ್ದು, ಕಾಲು ಯಾವ್ದು?"

ತರ್ಕ ಸರಿಯಾಗಿಯೇ ಇತ್ತು. ಆದರೆ ಗುರಿ ಎಡಕ್ಕೆ ಕಂಡಿತೆಂದು ರೈಫಲ್ಲನ್ನು ಎಡಕ್ಕೆ ತಿರುಗಿಸಿದರೆ ಅದು ಇನ್ನೂ ಎಡಕ್ಕೆ ಓಡುತ್ತಿತ್ತು. ಮೇಲೆತ್ತಿದರೆ ಮೇಲಕ್ಕೇ ಹಾರುತ್ತಿತ್ತು. ಇಪ್ಪತ್ತು ಗುಂಡು ಹಾರಿದವು. ಗುರಿಗೆ ಗೀರೂ ಬೀಳಲಿಲ್ಲ. ಹಿಂದಿನ ಮಣ್ಣದಿಬ್ಬ ಮಾತ್ರ ವೀರಮರಣವನ್ನಪ್ಪಿತು.

"ಕೊಡ್ರಿ ಇಲ್ಲಿ, ನಾನೂ ನೋಡ್ತೀನಿ."

"ಇದೇನು ಸೌಟು ಅಂದ್ಕಂಡ್ಯೇನೇ?"

"ಸೌಟಾಗಿದ್ರೆ ನಿಮ್ ಕೈಗೆ ಕೊಡ್ತಿದ್ನಾ? ಕೊಡ್ರಿ."

ಕೊಟ್ಟ. ಹಿಡಿಯುವುದು ಹೇಗೆಂದು ತೋರಿಸಿದ. ಅವಳು ಮಲಗಿ ಸೆರಗು ಸಿಕ್ಕಿಸಿ ಐದು ಗುಂಡು ಹಾರಿಸಿದಳು. ಐದೂ ನಟ್ಟನಡುವಿನ ಕರಿಬೊಟ್ಟಿನಲ್ಲಿ!

"ಹೆಂಗೇ?"

"ಹದಿನೈದು ವರ್ಷದಿಂದ ಶಿಶುವಿಹಾರದಲ್ಲಿ ಏನು ಮಾಡ್ತೀನಿ ಅಂದ್ಕಂಡಿದೀರಿ? ಮಕ್ಕಳ ಎದುರಿಗೆ ಕುಂತು, ಅವ್ಕೆ ನೆಟ್ಟಗೆ ಕಾಣ್ಲಿ ಅಂತ ಮರಳಿನ ಮೇಲೆ ಅ ಆ ಇ ಈ ತಲೆಕೆಳಗಾಗೇ ಬರೀತೀನಿ. ಕೈಗೆ ಅದೇ ರೂಢಿ."

ಮರುಳಸಿದ್ದಪ್ಪ ಒಂದು ತಂಬಿಗೆ ಮಜ್ಜಿಗೆ ಕುಡಿಯುವಷ್ಟು ಹೊತ್ತು ಕ್ಲಬ್ಬಿನ ಕರಿಹಲಗೆಯನ್ನೂ ಹೆಂಡತಿಯನ್ನೂ ತೂಗಿ ನೋಡಿದ. ಆಮೇಲೆ ಎದ್ದು ಹೋಗಿ ಕಾರ್ಯದರ್ಶಿಗೆ ಹೇಳಿದ: "ನನ್ನ ಹೆಸರು ಹೊಡೆದು ಹಾಕ್ರಿ. ನಮ್ಮನೇರು ಹೊಡೀತಾರೆ."

ಭಾನುವಾರ ಶಿವಗಂಗಮ್ಮ ಗೆದ್ದಳು. ಸಂಜೆ ಪೇಂಟರು ರಿಜಿಸ್ಟರಿನಲ್ಲಿದ್ದ ಹಾಗೆಯೇ, ಗಂಡನ ಹೆಸರು ಸಮೇತ, ಹಲಗೆಗೇರಿಸಿದ: "ಶಿವಗಂಗಮ್ಮ ಕೋಂ ಮರುಳಸಿದ್ದಪ್ಪ."

ಹನ್ನೆರಡು ವರ್ಷದ ಆಸೆ! ಮರುಳಸಿದ್ದಪ್ಪ ಓಡಿಹೋಗಿ, "ಶಿವಗಂಗಮ್ಮ ಕೋಂ" ಎಂಬಷ್ಟನ್ನು ಅಂಗೈಯಿಂದ ಒತ್ತಿ ಮುಚ್ಚಿ, ಬಂದವರನ್ನೆಲ್ಲ ಕರೆದ. "ಬರ್ರಿ, ಬರ್ರಿ! ಯಾರ ಹೆಸರೈತೆ ಓದ್ರಿ!"

"ರೀ, ಕೈ ತೆಗೀರಿ," ಎಂದಳು ಶಿವಗಂಗಮ್ಮ ಹಿಂದಿನಿಂದ. "ಬಣ್ಣ ಇನ್ನೂ ಹಸಿ ಐತೆ."

ತೆಗೆದ. ಅಂಗೈ ತುಂಬ ಹೆಂಡತಿಯ ಹೆಸರು.

ಸೀಮೆಎಣ್ಣೆ ಹಾಕಿ ಉಜ್ಜಿದಾಗ ಅರ್ಧ ಹೋಯಿತು. ಉಳಿದರ್ಧವನ್ನು ಅವನು ಉಜ್ಜಲಿಲ್ಲ.